ನೀಲಿ ಬೆಳಕಿನ ತಟ್ಟೆ, ತಂತಿಯ ವೇಗ

ಕುಲಗೋಡ ತಮ್ಮಣ್ಣನ ಪಾರಿಜಾತವನ್ನು ರಾತ್ರಿಯೆಲ್ಲ ಕುಳಿತು ನೋಡಿದ ಗೋಕಾಕ-ಮೂಡಲಗಿ ಸೀಮೆಯ ಜನಕ್ಕೆ ಈಗ ಆಟ ಮನೆಗೇ ಬರುತ್ತದೆ. ಅದು ತಟ್ಟೆಯಲ್ಲಿ ಬರಲೋ ಅಂತರ್ಜಾಲದ ತಂತಿಯಲ್ಲಿ ಬರಲೋ ಎಂದು ಕೇಳುವವರು ಮೊದಲು ಸ್ವಲ್ಪ ಲೆಕ್ಕ ಮಾಡಬೇಕು.

ಡಿವಿಡಿ ತಟ್ಟೆಯನ್ನು ಕೆಂಪು ಬೆಳಕು ಓದುತ್ತದೆ. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ತಟ್ಟೆಯನ್ನು ಓದುವುದು ನೀಲಿ-ನೇರಳೆ ಬೆಳಕು. ಇದರ ಅಲೆ ಗಿಡ್ಡದು. ಮೊನೆ ಸಣ್ಣಗಾದ ಲೆಕ್ಕಣಿಕೆ ಅದೇ ಹಾಳೆಯಲ್ಲಿ ಹೆಚ್ಚು ಅಕ್ಷರ ಹಿಡಿಸುವಂತೆ, ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿದರೆ ಇದರಲ್ಲಿ 25 ಹಿಡಿಯುತ್ತದೆ. ಹಳೆಯ ಡಿವಿಡಿ ಯಂತ್ರ ಮಾತ್ರ ಇದನ್ನು ಓದಲಾರದು.

ನಾವು ಮೋಸಹೋಗುವುದು ತಂತಿಯ ವಿಷಯದಲ್ಲಿ. ನಾನೂ ಹೋದವನೇ! '100' ಎಂದು ಹೇಳಿ ಮಾರುವುದು ಸೆಕೆಂಡಿಗೆ 100 ಮೆಗಾಬಿಟ್. ತಟ್ಟೆಯ ಅಳತೆಯಾದರೋ ಬೈಟ್. 8 ಬಿಟ್ ಕೂಡಿದರೆ 1 ಬೈಟ್. ಅಂದರೆ ಸೆಕೆಂಡಿಗೆ ಬರುವುದು ಹನ್ನೆರಡೂವರೆ ಮೆಗಾಬೈಟ್ ಮಾತ್ರ. ತಟ್ಟೆ ತುಂಬುವಷ್ಟು ದೊಡ್ಡ ಚಿತ್ರ ಇಳಿಯಲು ಸುಮಾರು 33 ನಿಮಿಷ. 10 ಮೆಗಾಬಿಟ್ಟಿನ ತಂತಿಯಲ್ಲಿ ಐದೂವರೆ ತಾಸು.

ಹಾಗಾದರೆ ಒತ್ತಿದೊಡನೆ ಚಿತ್ರ ಮೂಡುವುದು ಹೇಗೆಂದಿರಾ? ಅದನ್ನು ಹಿಂಡಿ ಕುಗ್ಗಿಸಿ, ತುಣುಕು ತುಣುಕಾಗಿ ಕಳಿಸುತ್ತಾರೆ. ಅದಕ್ಕೆ 5 ಮೆಗಾಬಿಟ್ ಸಾಕಾದೀತು. ಕತ್ತಲೆಯ ದೃಶ್ಯದಲ್ಲಿ ಚೌಕ ಚೌಕ ಕಲೆ ಕಂಡರೆ ಬಹುತೇಕ ಇದೇ ಕಾರಣ, ನಿಮ್ಮ ಕನ್ನಡಕವಲ್ಲ.

ಇನ್ನೊಂದು ಮಾತು. ಕೊಂಡ ತಟ್ಟೆಯನ್ನು ಹುಕ್ಕೇರಿಯ ಮಗಳ ಮನೆಗೆ ಚೀಲದಲ್ಲಿ ಒಯ್ಯಬಹುದು. ಅಂತರ್ಜಾಲದ ಚಿತ್ರ, ಕಂಪನಿಯ ಹಕ್ಕು ಮುಗಿದ ದಿನ ಹೇಳದೆ ಮಾಯವಾಗುತ್ತದೆ. ಮೆಚ್ಚಿದ ನಾಲ್ಕನ್ನು ತಟ್ಟೆಯಲ್ಲಿ ಇಟ್ಟುಕೊಳ್ಳಿರಿ. ಉಳಿದವು ತಂತಿಯಲ್ಲಿ ಬರಲಿ. ವೇಗ ಹೆಚ್ಚಿಸಲು ಹಣ ತೆರುವ ಮೊದಲು ವೈಫೈ ಪೆಟ್ಟಿಗೆಯನ್ನು ಪಡಸಾಲೆಯ ದಪ್ಪ ಗೋಡೆಯ ಈಚೆಗೆ ಸರಿಸಿ ನೋಡಿರಿ.