ರಿವಾಲ್ವರ್ ತಿರುಗಿಸುವ ಆಟ: "ಖಾಲಿ ಅದರೀ" ಎಂಬ ಮಾತನ್ನು ನಂಬಬೇಡಿ



ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಬಗ್ಗೆ ಬರೆಯುವ ಹೃದಯದ ಡಾಕ್ಟರು ಇವತ್ತು ರಿವಾಲ್ವರ್ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಕಾರಣ ಇದೆ.

ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಬೀದರ್ ಕಡೆಯ ಒಬ್ಬರು ಬಿ.ಪಿ. ತೋರಿಸಲು ಬಂದಿದ್ದರು. ಹೊರಡುವಾಗ ಮೊಬೈಲ್ ತೆಗೆದು ಮಗನ ರೀಲ್ ತೋರಿಸಿದರು. ಊರಿನ ಮದುವೆಯಲ್ಲಿ ಹುಡುಗ ಯಾರದೋ ಲೈಸೆನ್ಸ್ ರಿವಾಲ್ವರನ್ನು ಸಿನಿಮಾ ಹೀರೋ ಹಾಗೆ ಬೆರಳಿನಲ್ಲಿ ಗಿರಗಿರನೆ ತಿರುಗಿಸುತ್ತಿದ್ದ. ಪಕ್ಕದಲ್ಲಿ ಇಬ್ಬರು ಪುಟ್ಟ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

"ಖಾಲಿ ಅದರೀ ಸರ್, ಏನೂ ಆಗಂಗಿಲ್ಲ" ಎಂದರು.

"ಖಾಲಿ ಅಂತ ಯಾರು ತೆಗೆದು ನೋಡಿದ್ರು?" ಎಂದು ಕೇಳಿದೆ. ಅವರು ಸುಮ್ಮನಾದರು.

*ತಿರುಗಿಸುವಾಗ ಏನಾಗುತ್ತದೆ?*

ಸಿನಿಮಾದಲ್ಲಿ ಕೌಬಾಯ್‌ಗಳು ತಿರುಗಿಸುವುದು ಸಾಮಾನ್ಯವಾಗಿ 'ಸಿಂಗಲ್ ಆಕ್ಷನ್' ರಿವಾಲ್ವರ್. 1873ರ ಕೋಲ್ಟ್ ಇದರಲ್ಲಿ ಪ್ರಸಿದ್ಧ. ತೂಕ ಸುಮಾರು ಒಂದು ಕೆ.ಜಿ. ಇದರ ಹಿಂಭಾಗದ ಸುತ್ತಿಗೆಯನ್ನು (ಹ್ಯಾಮರ್) ಮೊದಲು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಆಮೇಲೆ ಟ್ರಿಗರ್‌ಗೆ ಇರುವ ಕೆಲಸ ಅದನ್ನು ಬಿಡುಗಡೆ ಮಾಡುವುದು ಮಾತ್ರ. ಹಾಗಾಗಿ ಬಹಳ ಹಗುರವಾದ ಒತ್ತಡ ಸಾಕು.

ತಿರುಗಿಸುವಾಗ ನಿಮ್ಮ ತೋರುಬೆರಳು ಟ್ರಿಗರ್ ಇರುವ ಬಳೆಯೊಳಗೇ ಇರುತ್ತದೆ. ಸುತ್ತಿಗೆ ಎಳೆದಿದ್ದರೆ ಬೆರಳು ತಾಗಿದರೂ ಗುಂಡು ಹಾರಬಹುದು. ಎಳೆಯದಿದ್ದರೂ ಹಳೆಯ ವಿನ್ಯಾಸದಲ್ಲಿ ಅಪಾಯ ತಪ್ಪಿದ್ದಲ್ಲ. ಸುತ್ತಿಗೆಯ ಮೊನೆ ಗುಂಡಿನ ಹಿಂಭಾಗಕ್ಕೆ ತಾಗಿಕೊಂಡೇ ಇರುತ್ತದೆ. ಕೈಜಾರಿ ಸುತ್ತಿಗೆಯ ಮೇಲೆ ಬಿದ್ದರೆ ಸಿಡಿಯುತ್ತದೆ. ಅದಕ್ಕೇ ಹಳಬರು ಆರು ಮನೆಗಳಲ್ಲಿ ಐದಕ್ಕೆ ಮಾತ್ರ ಗುಂಡು ತುಂಬಿ, ಸುತ್ತಿಗೆಯ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು. 1973ರಲ್ಲಿ ರೂಗರ್ ಕಂಪನಿ ಇದನ್ನು ತಡೆಯುವ ಪಟ್ಟಿಯೊಂದನ್ನು ಒಳಗೆ ಅಳವಡಿಸಿತು. ಆದರೆ ಟ್ರಿಗರ್ ಒತ್ತಿದರೆ ಅದೂ ಕಾಪಾಡುವುದಿಲ್ಲ.

ನಮ್ಮ ದೇಶದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ 'ಡಬಲ್ ಆಕ್ಷನ್'. ಅದರ ಸುತ್ತಿಗೆಯನ್ನೂ ಕೈಯಿಂದ ಎಳೆದಿಟ್ಟರೆ ಟ್ರಿಗರ್ ಅಷ್ಟೇ ಹಗುರವಾಗುತ್ತದೆ.

*"ಖಾಲಿ ಇದೆ" ಎಂದು ನಂಬಿದವರಿಗೆ ಏನಾಯಿತು?*

2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಸಿನಿಮಾದ ತಯಾರಿ ನಡೆಯುತ್ತಿತ್ತು. ನಟನ ಕೈಯಲ್ಲಿದ್ದದ್ದು ಸಿಂಗಲ್ ಆಕ್ಷನ್ ರಿವಾಲ್ವರ್. ಅಪಾಯವಿಲ್ಲ ಎಂದೇ ಅದನ್ನು ಕೊಡಲಾಗಿತ್ತು. ಒಳಗೆ ನಿಜವಾದ ಗುಂಡಿತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು, ನಿರ್ದೇಶಕರಿಗೆ ಗಾಯವಾಯಿತು. 1984ರಲ್ಲಿ ಜಾನ್ ಎರಿಕ್ ಹೆಕ್ಸಮ್ ಎಂಬ ನಟ ಬರೀ ಶಬ್ದದ ಗುಂಡು (ಬ್ಲ್ಯಾಂಕ್) ಇದ್ದ ರಿವಾಲ್ವರನ್ನು ತಮಾಷೆಗೆ ತಲೆಗಿಟ್ಟು ಒತ್ತಿ ಪ್ರಾಣ ಕಳೆದುಕೊಂಡರು. ಬ್ಲ್ಯಾಂಕ್ ಕೂಡ ಹತ್ತಿರದಿಂದ ಕೊಲ್ಲುತ್ತದೆ.

*ಹೃದಯದ ಡಾಕ್ಟರಾಗಿ ನನ್ನ ಭಯ*

ಸೊಂಟದ ಮಟ್ಟದಲ್ಲಿ ತಿರುಗಿಸುವಾಗ ನಳಿಕೆಯ ಬಾಯಿ ಪ್ರತಿ ಸುತ್ತಿಗೂ ನಿಮ್ಮ ತೊಡೆ, ಹೊಟ್ಟೆ, ಎದೆ ಮತ್ತು ಎದುರಿನವರ ಕಡೆ ತಿರುಗುತ್ತದೆ. ನಮ್ಮ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಗುಂಡು ಹೃದಯಕ್ಕೆ ತಗುಲಿದರೆ ರಕ್ತ ಹೃದಯದ ಸುತ್ತಲಿನ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಒಮ್ಮೆಲೇ ಒಂದು ಲೋಟದಷ್ಟು ರಕ್ತ ಸೇರಿದರೂ ಹೃದಯ ಹಿಗ್ಗಲಾಗದೆ ನಿಂತುಹೋಗಬಹುದು.

*ಅಕಸ್ಮಾತ್ ಗುಂಡು ತಗುಲಿದರೆ*

1. ಆಯುಧವನ್ನು ದೂರವಿಡಿಸಿ, ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ.
2. ಕೈಕಾಲಿನ ಗಾಯವಾದರೆ ಸ್ವಚ್ಛ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿತಾ ಎಂದು ಪದೇ ಪದೇ ತೆಗೆದು ನೋಡಬೇಡಿ.
3. ಆದರೂ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ 2-3 ಇಂಚು ಮೇಲೆ ಅಗಲವಾದ ಬಟ್ಟೆ ಬಿಗಿದು, ಕೋಲು ಹಾಕಿ ತಿರುಚಿ ಕಟ್ಟಿ. ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆಗೆ ಮುಟ್ಟುವವರೆಗೆ ಬಿಚ್ಚಬೇಡಿ.
4. ಎದೆಯ ಗಾಯವನ್ನು ಗಾಳಿಯಾಡದಂತೆ ಮುಚ್ಚಬೇಡಿ. ಒಳಗಿನ ಗುಂಡನ್ನು ತೆಗೆಯಲು ಹೋಗಬೇಡಿ.
5. ನೀರು, ಚಹಾ ಕೊಡಬೇಡಿ.
6. ಗಾಯಾಳು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ.

ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಮನೆಯಲ್ಲೇ ಕೂರಬೇಡಿ. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

*ಹಾಗಾದರೆ ಏನು ಮಾಡಬಹುದು?*

ನಿಜವಾದ ರಿವಾಲ್ವರನ್ನು ಖಾಲಿಯಿದ್ದರೂ ತಿರುಗಿಸಬೇಡಿ. ಈ ಕಲೆ ಇಷ್ಟವಿದ್ದರೆ, ಗುಂಡು ತುಂಬಲು ಜಾಗವೇ ಇಲ್ಲದ ರಬ್ಬರ್ ಅಥವಾ ಪ್ಲಾಸ್ಟಿಕ್ ಮಾದರಿ ಬಳಸಿ. ಬಯಲಿನಲ್ಲಿ, ಮಕ್ಕಳಿಂದ ದೂರ ನಿಂತು ಅಭ್ಯಾಸ ಮಾಡಿ. ಅದನ್ನು ರಸ್ತೆಗೆ, ಬಸ್ ನಿಲ್ದಾಣಕ್ಕೆ ಒಯ್ಯಬೇಡಿ. ಜನ ನಿಜವೆಂದೇ ತಿಳಿಯುತ್ತಾರೆ. ಏರ್‌ಗನ್ ಆಟಿಕೆಯಲ್ಲ, ಅದರ ಚಿಕ್ಕ ಗುಂಡೂ ಕಣ್ಣು ಕಳೆಯಬಲ್ಲದು.

ಕಾನೂನನ್ನೂ ತಿಳಿದಿರಿ. 2019ರ ತಿದ್ದುಪಡಿಯ ಪ್ರಕಾರ ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಮ್ಮ ಕೊಡಗಿನವರನ್ನು ನೋಡಿ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಮಾಡಿ, ತೋಕ್‌ಪೂ ಇಟ್ಟು ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಕೋವಿ ಮನೆಯಲ್ಲೇ ಇರುವವರು ಅದಕ್ಕೆ ಕೊಡುವ ಮರ್ಯಾದೆ ಅದು. ನಾವೂ ಆಯುಧ ಪೂಜೆ ಮಾಡುವವರೇ ಅಲ್ಲವೇ?

ಆ ತಂದೆ ಮುಂದಿನ ತಿಂಗಳು ಮತ್ತೆ ಬಂದರು. "ರೀಲ್ ತೆಗಿಸೀನ್ರೀ ಸರ್. ಅವತ್ತು ಫೋನ್ ಮಾಡಿ ಕೇಳಿದ್ರ, ಖಾಲಿ ಅದನೋ ಇಲ್ಲೋ ಅಂತ ಯಾರೂ ನೋಡೇ ಇರಲಿಲ್ಲಂತ" ಎಂದರು.

ಮದುವೆ, ಜಾತ್ರೆಗೆ ಊರಿಗೆ ಹೊರಡುವ ಮುನ್ನ ನಿಮ್ಮ ಮನೆಯ ಹುಡುಗರಿಗೆ ಇದನ್ನು ಓದಿಸಿ. ಊರಿನ ಗ್ರೂಪಿಗೂ ಕಳಿಸಿ.

ಎಲ್ಲರೂ ಕ್ಷೇಮವಾಗಿರಿ.