ಮಳೆಗೆ ಏರಿ ಬೇಸಿಗೆಗೆ ಇಳಿಯುವ ನೆಲ

ಮಣಿಪುರದ ಲೋಕ್ತಾಕ್ ಸಿಹಿನೀರಿನ ಸರೋವರ. ಹುಲ್ಲು, ಜೊಂಡು, ಕೊಳೆತ ಬೇರು, ಮಣ್ಣು ಹೆಣೆದುಕೊಂಡ ತೇಲುನೆಲಗಳು ಅಲ್ಲುಂಟು. ಅವಕ್ಕೆ 'ಫುಮ್ದಿ' ಎಂದು ಹೆಸರು. ಸುಮಾರು ಐದರಲ್ಲೊಂದು ಪಾಲು ಮಾತ್ರ ನೀರಿನ ಮೇಲೆ, ಉಳಿದುದೆಲ್ಲ ಒಳಗೆ. ವರ್ಷಋತುವಿನಲ್ಲಿ ನೀರು ಏರಿದಂತೆ ಅವೂ ಏರುವುವು. ಮಳೆ ನಿಂತು ನೀರು ತಗ್ಗಿದಾಗ ತಳಕ್ಕಿಳಿದು, ಬೇರುಗಳಿಂದ ಕೆಸರಿನ ಸಾರ ಹೀರಿ ಮತ್ತೆ ದಪ್ಪವಾಗುವುವು. ಮಳೆಯಂತೆಯೇ ಮಳೆಯಿಲ್ಲದ ತಿಂಗಳುಗಳೂ ಈ ಸಸ್ಯಗಳಿಗೆ ಅವಶ್ಯವೆಂಬುದನ್ನು ವಾಚಕರು ಗಮನಿಸಬೇಕು.

1983ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಇಥಾಯ್ ಅಡ್ಡಗಟ್ಟೆಯು ನೀರನ್ನು ವರ್ಷವಿಡೀ ಎತ್ತರದಲ್ಲಿ ನಿಲ್ಲಿಸಿತು. ವಿದ್ಯುತ್ತು ಬೇಕಾದುದೇ, ನಿಜ. ಆದರೆ ತಳ ಮುಟ್ಟದ ಫುಮ್ದಿ ಹಸಿದು ತೆಳುವಾಗುತ್ತಿದೆ. ಕೈಬುಲ್ ಲಮ್ಜಾವೊ ರಾಷ್ಟ್ರೀಯ ಉದ್ಯಾನದ ಸಂಗಾಯ್ ಜಿಂಕೆಗಳು ಮೇಯುವುದು ಈ ನೆಲದ ಮೇಲೆಯೇ. ತೆಳುವಾದಲ್ಲಿ ಅವುಗಳ ಕಾಲು ಕುಸಿಯುತ್ತದೆ.