ಪೆಟ್ಟಿಗೆ ದಾರಿ ತೋರಿಸುತ್ತೆ, ಅಪ್ಪಣೆ ಕೊಡೋದಿಲ್ಲ!

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೊರಟವರಿಗೆ ಬಲಗಡೆ ಜಕ್ಕೂರು ವಿಮಾನ ನಿಲ್ದಾಣ ಗೊತ್ತೇ ಇದೆ. 1940ರ ದಶಕದ ಕೊನೆಯಿಂದ ಇರೋ ಜಾಗ. ಒಂದು ಎಂಜಿನ್ನು, ಎರಡೋ ನಾಲ್ಕೋ ಸೀಟು, ಅಷ್ಟೇ ಇರೋ ಪುಟ್ಟ ವಿಮಾನ ಗುರ್ ಅಂತ ಮೇಲೇಳುತ್ತೆ. ಬಸ್ಸಿನ ಕಿಟಕಿ ಪಕ್ಕ ಕೂತ ಮಕ್ಕಳು ಕೈ ಬೀಸುತ್ತಾರೆ. ದೊಡ್ಡವರು ‘ದುಡ್ಡಿದ್ದೋರ ಶೋಕಿ’ ಅಂತ ಮುಖ ತಿರುಗಿಸುತ್ತಾರೆ.

ಮುಖ ತಿರುಗಿಸುವ ಮುಂಚೆ ಒಂದು ಮಾತು ಕೇಳಿ ಸ್ವಾಮಿ. ಆ ಪುಟ್ಟ ವಿಮಾನದ ಅಕ್ಕಪಕ್ಕದ ಮನೆಯವರು ಯಾರು ಗೊತ್ತೇ? ಉತ್ತರಕ್ಕೆ ಆರೇಳು ಕಿಲೋಮೀಟರಿನಲ್ಲಿ ಯಲಹಂಕದ ವಾಯುಪಡೆ ನೆಲೆ. ಈಶಾನ್ಯಕ್ಕೆ ಹದಿನೆಂಟು ಕಿಲೋಮೀಟರಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ಆಗ್ನೇಯಕ್ಕೆ ಹದಿನಾರು ಕಿಲೋಮೀಟರಿನಲ್ಲಿ ಎಚ್.ಎ.ಎಲ್. ಯುದ್ಧವಿಮಾನ ಒಂದು ಕಡೆ, ನೂರಾರು ಜನರನ್ನು ಹೊತ್ತ ಜೆಟ್ ಇನ್ನೊಂದು ಕಡೆ. ನಡುವೆ ನಮ್ಮ ಈ ಗುಬ್ಬಚ್ಚಿ.

ಕಾಣದ ಬೇಲಿ

ಕೆಳಗೆ ನಿಂತು ನೋಡಿದರೆ ಆಕಾಶಕ್ಕೆ ಬೇಲಿ ಇಲ್ಲ. ಪೈಲಟ್ಟಿನ ನಕಾಶೆ ಬಿಡಿಸಿದರೆ ಬೇಲಿಯೋ ಬೇಲಿ! ದೊಡ್ಡ ನಿಲ್ದಾಣದ ಸುತ್ತಲಿನ ಆಕಾಶಕ್ಕೆ ನಿಯಂತ್ರಿತ ವಾಯುಪ್ರದೇಶ ಅಂತ ಹೆಸರು. ನಿಲ್ದಾಣದ ಹತ್ತಿರ ಅದು ನೆಲದಿಂದಲೇ ಶುರು. ದೂರ ಹೋದ ಹಾಗೆ ಅದರ ತಳ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತೆ. ಒಳಗೆ ಕಾಲಿಡಬೇಕಾದರೆ ರೇಡಿಯೋದಲ್ಲಿ ಕಂಟ್ರೋಲರನ್ನು ಕೇಳಬೇಕು, ಆತ ‘ಬಾ’ ಅನ್ನಬೇಕು.

ಹಿಂದೆ ಖಾಸಗಿ ಪೈಲಟ್ ಮೊಣಕಾಲ ಮೇಲೆ ನಕಾಶೆ, ಕೈಗೆ ಗಡಿಯಾರ, ಮುಂದೆ ದಿಕ್ಸೂಚಿ ಇಟ್ಟುಕೊಂಡು ಹಾರುತ್ತಿದ್ದ. ಕೆರೆ, ರೈಲು ಹಳಿ, ನಂದಿ ಬೆಟ್ಟ ನೋಡಿ ದಾರಿ ಲೆಕ್ಕ ಹಾಕುತ್ತಿದ್ದ. ಲೆಕ್ಕ ಸ್ವಲ್ಪ ತಪ್ಪುತ್ತೆ ಅಂತ ಅವನಿಗೇ ಗೊತ್ತಿದ್ದರಿಂದ ಬೇಲಿಯಿಂದ ಮಾರುದೂರ ಇರುತ್ತಿದ್ದ.

ಆಮೇಲೆ ಜಿ.ಪಿ.ಎಸ್. ಬಂತು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ತೆಗೆದುಹಾಕಿತು. ನೂರು ಮೀಟರಿನಷ್ಟು ಆಚೀಚೆ ಹೇಳುತ್ತಿದ್ದ ಪೆಟ್ಟಿಗೆ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಈಗ ಪರದೆಯ ಮೇಲೆ ಬಣ್ಣದ ಗೆರೆ, ಅದರ ಮೇಲೆ ಪುಟ್ಟ ವಿಮಾನದ ಗುರುತು. ಗೆರೆ ಹಿಡಿದು ಹೋದರೆ ಆಯ್ತು.

ಆಯ್ತೇ?

ಸೆರಿಟೋಸ್‌ನ ಭಾನುವಾರ

1986ರ ಆಗಸ್ಟ್ 31. ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಸೆರಿಟೋಸ್ ಅನ್ನೋ ಊರು. ಭಾನುವಾರ, ತಿಳಿ ಆಕಾಶ. ಟಾರೆನ್ಸ್ ನಿಲ್ದಾಣದಿಂದ ಒಂದು ಪೈಪರ್ ವಿಮಾನ ಹೊರಟಿತ್ತು. ಒಳಗೆ ಮೂರು ಜನ. ಅನುಮತಿ ಇಲ್ಲದೆ, ಗೊತ್ತಿಲ್ಲದೆ, ಅದು ನಿಯಂತ್ರಿತ ಪ್ರದೇಶದೊಳಕ್ಕೆ ಹೊಕ್ಕಿತು. ಆ ಜಾಗದಲ್ಲಿ ಬೇಲಿಯ ತಳ ಇದ್ದದ್ದು 6,000 ಅಡಿಗೆ. ಪೈಪರ್ ಇದ್ದದ್ದು 6,500 ಅಡಿ ಆಸುಪಾಸಿನಲ್ಲಿ.

ಅದೇ ಎತ್ತರದಲ್ಲಿ ಏರೋಮೆಕ್ಸಿಕೋ ಕಂಪನಿಯ ಡಿ.ಸಿ.-9 ಜೆಟ್ ಇಳಿಯಲು ಬರುತ್ತಿತ್ತು. ಪೈಪರ್ ಅದರ ಬಾಲಕ್ಕೆ ಬಡಿಯಿತು. ಜೆಟ್ಟಿನ 64 ಜನ, ಪೈಪರಿನ 3 ಜನ, ಕೆಳಗೆ ತಮ್ಮ ಪಾಡಿಗೆ ತಾವು ಮನೆಯಲ್ಲಿದ್ದ 15 ಜನ, ಒಟ್ಟು 82 ಮಂದಿ ಸತ್ತರು.

ಪೈಪರಿನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು. ರಾಡಾರಿಗೆ ‘ನಾನಿಲ್ಲಿದ್ದೇನೆ’ ಅಂತ ಹೇಳೋ ಯಂತ್ರ ಅದು. ಆದರೆ ಎಷ್ಟು ಎತ್ತರದಲ್ಲಿದ್ದೇನೆ ಅಂತ ಹೇಳುವ ಶಕ್ತಿ ಅದಕ್ಕಿರಲಿಲ್ಲ. ಕಂಟ್ರೋಲರ್ ಪೈಪರನ್ನು ಗಮನಿಸಲಿಲ್ಲ. ಆ ಹೊತ್ತಿಗೆ ಆತನ ಗಮನ ಹೇಳದೆ ಕೇಳದೆ ಒಳಗೆ ಬಂದಿದ್ದ ಇನ್ನೊಂದು ಪುಟ್ಟ ವಿಮಾನದ ಮೇಲಿತ್ತು! 1989ರಲ್ಲಿ ನ್ಯಾಯಾಲಯದ ಜ್ಯೂರಿ ತಪ್ಪನ್ನು ಸರ್ಕಾರಕ್ಕೂ ಪೈಪರಿನ ಪೈಲಟ್ಟಿಗೂ ಅರ್ಧರ್ಧ ಹಂಚಿತು. ದೊಡ್ಡ ನಿಲ್ದಾಣದ ಸುತ್ತ ಎತ್ತರ ಹೇಳೋ ಟ್ರಾನ್ಸ್‌ಪಾಂಡರ್ ಕಡ್ಡಾಯವಾದದ್ದು, ಜೆಟ್‌ಗಳಿಗೆ ಡಿಕ್ಕಿ ತಪ್ಪಿಸುವ ಯಂತ್ರ ಬಂದದ್ದು ಈ ಸಾವುಗಳ ನಂತರ.

‘ಆಗ ಜಿ.ಪಿ.ಎಸ್. ಇದ್ದಿದ್ದರೆ ಇದು ಆಗ್ತಿರಲಿಲ್ಲ’ ಅನ್ನಬಹುದು. ನಿಜವಿದ್ದೀತು. ಪೆಟ್ಟಿಗೆಯಿಂದ ಉಪಕಾರ ಇಲ್ಲ ಅಂತ ನಾವೂ ಹೇಳೋದಿಲ್ಲ. ಆದರೆ ಅದನ್ನೇ ನಂಬಿ ಕೂತವನಿಗೆ ಕಾದಿರೋ ಗುಂಡಿಗಳು ನಾಲ್ಕು.

ನಾಲ್ಕು ಗುಂಡಿಗಳು

ಒಂದು, ಹಳೇ ನಕಾಶೆ. ವಾಯುಪ್ರದೇಶದ ವಿವರಗಳು 28 ದಿನಕ್ಕೊಮ್ಮೆ ಬದಲಾಗಬಹುದು. 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ಶುರುವಾಯಿತು, ಜನ ಹತ್ತೋ ವಿಮಾನಗಳೆಲ್ಲ ಎಚ್.ಎ.ಎಲ್. ಬಿಟ್ಟು ಅಲ್ಲಿಗೆ ಹೋದವು. ಒಂದೇ ದಿನದಲ್ಲಿ ಬೆಂಗಳೂರಿನ ಆಕಾಶವೇ ಬೇರೆ. ಹಿಂದಿನ ತಿಂಗಳ ನಕಾಶೆ ತುಂಬಿಕೊಂಡ ಪೆಟ್ಟಿಗೆಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಎರಡು, ಎತ್ತರ. ಜಿ.ಪಿ.ಎಸ್. ಎತ್ತರ ಅಳೆಯೋದು ಉಪಗ್ರಹದ ಲೆಕ್ಕದಲ್ಲಿ. ಬೇಲಿಯ ಎತ್ತರ ಇರೋದು ಗಾಳಿಯ ಒತ್ತಡದ ಲೆಕ್ಕದಲ್ಲಿ, ಅಂದರೆ ಟವರಿನವರು ಹೇಳಿದ ಒತ್ತಡದ ಅಂಕಿಗೆ ತಿರುಗಿಸಿಟ್ಟ ಆಲ್ಟಿಮೀಟರಿನ ಲೆಕ್ಕದಲ್ಲಿ. ಎರಡಕ್ಕೂ ನೂರಾರು ಅಡಿ ವ್ಯತ್ಯಾಸ ಬರುವುದುಂಟು.

ಮೂರು, ತಲೆ ಬಗ್ಗಿಸೋ ಚಾಳಿ. ರಸ್ತೆಯಲ್ಲಿ ಮೊಬೈಲು ನೋಡ್ತಾ ಸ್ಕೂಟರ್ ಬಿಡೋರನ್ನು ಬೈಯ್ತೀವಿ. ಪರದೆ ನೋಡ್ತಾ ಕೂತ ಪೈಲಟ್ಟಿಗೆ ಕಿಟಕಿಯಾಚೆಯ ವಿಮಾನ ಕಾಣುತ್ತಾ? ಸಂಕೇತವೇ ಕೆಟ್ಟರೆ ಗತಿ ಏನು? ಜಿ.ಪಿ.ಎಸ್. ಸಂಕೇತಕ್ಕೆ ಅಡ್ಡಿಯಾಗುವ, ಸುಳ್ಳು ಸಂಕೇತ ಬರುವ ಅಪಾಯದ ಬಗ್ಗೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ 2023ರ ನವೆಂಬರಿನಲ್ಲಿ ವಿಮಾನ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಧೈರ್ಯ. ಯಂತ್ರ ಕರಾರುವಾಕ್ಕಾಗಿ ಹೇಳುತ್ತಲ್ಲ ಅಂತ ಬೇಲಿಗೆ ಮೈ ಉಜ್ಜಿಕೊಂಡು ಹೋಗೋದು. ಗಂಟೆಗೆ 165 ಕಿಲೋಮೀಟರ್ ವೇಗದಲ್ಲಿ ಹೋಗೋ ವಿಮಾನ ಬೇಲಿಯಿಂದ 200 ಮೀಟರ್ ಆಚೆ ಇದೆ ಅನ್ನಿ. ಪಕ್ಕದ ಸೀಟಿನವರಿಗೆ ಊರು ತೋರಿಸ್ತಾ ಬೇಲಿಯ ಕಡೆ ತಿರುಗಿಬಿಟ್ಟರೆ ಐದು ಸೆಕೆಂಡಿನೊಳಗೆ ಒಳಗಿರುತ್ತಾನೆ.

ಇಂಗ್ಲೆಂಡಿನವರು ಇದಕ್ಕೊಂದು ಸರಳ ಪಾಠ ಮಾಡಿದ್ದಾರೆ. ‘ಎರಡು ಬಿಡಿ’ ಅಂತ. ಬೇಲಿಯಿಂದ ಪಕ್ಕಕ್ಕೆ ಎರಡು ನಾಟಿಕಲ್ ಮೈಲಿ, ಮೇಲೆ ಕೆಳಗೆ ಇನ್ನೂರು ಅಡಿ. ಎರಡು ನಾಟಿಕಲ್ ಮೈಲಿ ಅಂದರೆ 3.7 ಕಿಲೋಮೀಟರ್. ಅದೇ ವಿಮಾನಕ್ಕೆ ಐದು ಸೆಕೆಂಡಿನ ಬದಲು 80 ಸೆಕೆಂಡು ಸಿಕ್ಕಿತು. ತಪ್ಪು ಗೊತ್ತಾಗೋಕೆ, ರೇಡಿಯೋ ಹಿಡಿದು ಕೇಳೋಕೆ, ತಿರುಗಿಸೋಕೆ ಅಷ್ಟು ಹೊತ್ತು ಸಾಕು. ಈ ಪಾಠಕ್ಕೆ ನಯಾಪೈಸೆ ಖರ್ಚಿಲ್ಲ.

ಹಾರೋರಿಗೆ ನಮ್ಮ ಅಡ್ಡಿ ಇಲ್ಲ. ಜಕ್ಕೂರಿನ ಹುಡುಗ ಹುಡುಗಿಯರು ಹಾರಲಿ, ನಾಳೆ ದೊಡ್ಡ ವಿಮಾನವನ್ನೇ ನಡೆಸಲಿ. ಆದರೆ ಹೊಲಕ್ಕೆ ಹೋಗೋ ರೈತನಿಗೆ ಪಕ್ಕದವನ ಬದು ಎಲ್ಲಿದೆ ಅಂತ ಗೊತ್ತಿದ್ದರೆ ಸಾಲದು, ದಾಟೋ ಮುಂಚೆ ಕೂಗಿ ಕೇಳಬೇಕು. ಆಕಾಶದಲ್ಲೂ ಅದೇ ನ್ಯಾಯ. ನೀವು ಎಲ್ಲಿದ್ದೀರಿ ಅಂತ ಪೆಟ್ಟಿಗೆ ಹೇಳೀತು. ಒಳಗೆ ಬರಬಹುದಾ ಅಂತ ಕೇಳಬೇಕಾದೋರು ನೀವೇ.

ಸೆರಿಟೋಸ್‌ನ ಆ ಹದಿನೈದು ಜನ ವಿಮಾನ ಹತ್ತಿದವರಲ್ಲ. ಜಕ್ಕೂರಿನ ಸುತ್ತ, ಯಲಹಂಕದ ಸುತ್ತ, ಇವತ್ತು ಸಂಜೆ ಈ ಪತ್ರಿಕೆ ಹಿಡಿದು ಕೂತಿರೋ ನಾವೂ ಅಲ್ಲ.